ಹೊಲಿಗೆ ಕಾಣುವ ದೆವ್ವವೇ ವಾಸಿ

ಓದುಬರಹ ಬಲ್ಲ ನಮ್ಮ ನಗರದ ಮಂದಿಗೆ ಇತ್ತೀಚೆಗೆ ಒಂದು ಹೊಸ ಮೋಜು ಹತ್ತಿದೆ. ಶನಿವಾರ ರಾತ್ರಿ ನಾಲ್ಕಾರು ಗೆಳೆಯರು ಸೇರಿ ಹಳೆಯದೊಂದು ಹಿಂದಿ ದೆವ್ವದ ಸಿನಿಮಾ ಹಾಕಿಕೊಂಡು ಕೂರುತ್ತಾರೆ. ಹೆದರುವುದಕ್ಕಲ್ಲ, ನಗುವುದಕ್ಕೆ. ದೆವ್ವದ ಕತ್ತಿನ ಬಳಿ ಮುಖವಾಡದ ಅಂಚು ಕಂಡರೆ ಒಂದು ನಗೆ. ಹವೇಲಿಯೊಳಗೆ ಎಲ್ಲಿಂದಲೋ ಹೊಗೆ ಎದ್ದರೆ ಇನ್ನೊಂದು ನಗೆ. ನಾಯಕಿ ಕಿರುಚಿದರೆ ಇವರೂ ಕಿರುಚುತ್ತಾರೆ. ಕೊನೆಗೆ ಎಲ್ಲರೂ ಒಪ್ಪುವ ತೀರ್ಪೊಂದು ಹೊರಬೀಳುತ್ತದೆ: 'ಎಷ್ಟು ಕೆಟ್ಟದಾಗಿದೆ ಅಂದರೆ, ಅದಕ್ಕೇ ಚೆನ್ನಾಗಿದೆ ಮಾರಾಯ!'

ಈ ತೀರ್ಪಿನ ಮೇಲೆ ನನ್ನ ತಕರಾರಿದೆ. ನಗಬಾರದೆಂದಲ್ಲ. ಸಿನಿಮಾಕ್ಕೆ ನಗುವುದು ಪಾಪವೇನೂ ಅಲ್ಲ. ಆದರೆ ಮೇಲ್ನೋಟಕ್ಕೆ ಹೊಗಳಿಕೆಯಂತೆ ಕಾಣುವ ಈ ಮಾತಿನೊಳಗೆ ಒಂದು ಅಹಂಕಾರವಿದೆ. ಅದಕ್ಕಿಂತ ಮುಖ್ಯವಾಗಿ ಒಂದು ಕುರುಡಿದೆ. ಕೆಟ್ಟದಾಗಿ ಮಾಡಿದ ಚಿತ್ರ ಬೇರೆ, ಕೆಟ್ಟ ಚಿತ್ರ ಬೇರೆ. ಇವೆರಡರ ಅಂತರವನ್ನು ನಾವು ಮರೆಯುತ್ತಿದ್ದೇವೆ. ಮರೆತದ್ದಕ್ಕೆ ಬೆಲೆಯನ್ನೂ ತೆರುತ್ತಿದ್ದೇವೆ.

ಮಾತು ಗಾಳಿಯಲ್ಲಿ ಬೇಡ. ಒಂದು ಚಿತ್ರವನ್ನೇ ಎದುರಿಗಿಟ್ಟುಕೊಳ್ಳೋಣ. 1984ರಲ್ಲಿ ಬಂದ 'ಪುರಾನಾ ಮಂದಿರ್'. ನಿರ್ದೇಶಕರು ತುಳಸಿ ರಾಮ್ಸೆ ಮತ್ತು ಶ್ಯಾಮ್ ರಾಮ್ಸೆ. ಕತೆ ಇಷ್ಟು: ಇನ್ನೂರು ವರ್ಷಗಳ ಹಿಂದೆ ಸಾಮ್ರಿ ಎಂಬ ಸೈತಾನನ ಆರಾಧಕ ರಾಜಾ ಹರಿಮಾನ್ ಸಿಂಗನ ಮಗಳ ಮೇಲೆ ಎರಗುತ್ತಾನೆ. ರಾಜ ಅವನ ತಲೆ ಕಡಿಸಿ, ತಲೆಯನ್ನು ಪೆಟ್ಟಿಗೆಯಲ್ಲಿಟ್ಟು ಹವೇಲಿಯಲ್ಲಿ ಬಂಧಿಸುತ್ತಾನೆ. ಮುಂಡವನ್ನು ಹಳೆಯ ಗುಡಿಯ ಹಿಂದೆ ಹೂಳಿಸುತ್ತಾನೆ. ಸಾಯುವ ಮುನ್ನ ಸಾಮ್ರಿ ಶಾಪ ಹಾಕುತ್ತಾನೆ: ಈ ಮನೆತನದ ಹೆಣ್ಣುಗಳೆಲ್ಲ ಹೆರಿಗೆಯಲ್ಲಿ ಸಾಯಲಿ. ಅಲ್ಲಿಂದ ಕತೆ ಇಂದಿನ ಕಾಲಕ್ಕೆ ಹಾರುತ್ತದೆ. ಆ ವಂಶದ ಠಾಕೂರನಿಗೆ ಒಬ್ಬಳೇ ಮಗಳು, ಸುಮನ್. ಅವಳು ಪ್ರೀತಿಸಿದ ಹುಡುಗನನ್ನು ಅಪ್ಪ ಓಡಿಸಲು ನೋಡುತ್ತಾನೆ. ಕಾರಣ ಅಂತಸ್ತಲ್ಲ, ಶಾಪದ ಭಯ. ಹುಡುಗ ಹುಡುಗಿ ಶಾಪದ ಮೂಲ ಹುಡುಕಿಕೊಂಡು ಹಳೆಯ ಹವೇಲಿಗೆ ಹೋಗುತ್ತಾರೆ. ತಲೆಗೂ ಮುಂಡಕ್ಕೂ ಮತ್ತೆ ಭೇಟಿಯಾಗುತ್ತದೆ. ಮುಂದಿನದನ್ನು ನೀವೇ ಊಹಿಸಬಲ್ಲಿರಿ.

ಆ ಹವೇಲಿ ಇರುವುದೆಲ್ಲಿ ಗೊತ್ತೇ? ಬಿಜಾಪುರದಲ್ಲಿ! ನಮ್ಮ ಗೋಲಗುಮ್ಮಟದ ಊರಿನ ಹೆಸರು ಹೊತ್ತ ಈ ಬಿಜಾಪುರದಲ್ಲಿ ಗುಮ್ಮಟವೂ ಇಲ್ಲ, ಇಬ್ರಾಹಿಂ ರೋಜಾವೂ ಇಲ್ಲ. 1686ರಲ್ಲಿ ಆದಿಲ್‌ಶಾಹಿಗಳ ಆಳ್ವಿಕೆ ಮುಗಿದ ಮೇಲೆ ಅಲ್ಲಿ ಹರಿಮಾನ್ ಸಿಂಗ್ ಎಂಬ ರಾಜ ಆಳಿದ್ದನ್ನು ಯಾವ ಚರಿತ್ರೆಯೂ ಕಂಡಿಲ್ಲ. ರಾಮ್ಸೆಗಳಿಗೆ ಬೇಕಾಗಿದ್ದುದು ದೂರದ, ಹಳೆಯ, ಕೇಳಿದರೆ ಧೂಳಿನ ವಾಸನೆ ಬರುವ ಒಂದು ಹೆಸರು. ಸಿಕ್ಕಿತು, ಇಟ್ಟರು.

ದೋಷಗಳ ಪಟ್ಟಿ ಇಲ್ಲಿಗೇ ಮುಗಿಯುವುದಿಲ್ಲ. ನಡುವೆ ಜಗದೀಪ್ ಅವರ ಹಾಸ್ಯ ನುಗ್ಗುತ್ತದೆ. 'ಶೋಲೆ'ಯ ಅಣಕು ಅದು. ದೆವ್ವ ಅರ್ಧ ಗಂಟೆ ಕಾಯುತ್ತಾ ನಿಂತಿರಬೇಕು. ಸ್ನಾನದ ದೃಶ್ಯದ ನೆಪದಲ್ಲಿ ನಾಯಕಿಯ ಮೈಯನ್ನು ಮಾರಾಟಕ್ಕಿಟ್ಟ ಬಗೆ ಅಸಹ್ಯವಾದದ್ದು. ಅದನ್ನು ಹಳೆಯ ಕಾಲದ ಮುಗ್ಧತೆ ಎಂದು ನಾನು ಮನ್ನಿಸಲಾರೆ. ಕಾಡಿನ ಜನರನ್ನು ತೋರಿಸಿದ ರೀತಿಯೂ ಅಷ್ಟೇ. ಬೆಳಕು ಎಲ್ಲಿಂದ ಬರುತ್ತದೆ, ರಾತ್ರಿಯೇ ಹಗಲೇ ಎಂದು ಕೇಳುವ ಹಾಗಿಲ್ಲ. ಇದನ್ನೆಲ್ಲ ಒಪ್ಪಿಕೊಂಡೇ ವಾದಕ್ಕೆ ಇಳಿದಿದ್ದೇನೆ.

ಮೊದಲು, ಈ ನಗೆ ಎಲ್ಲಿಂದ ಬಂತೆಂದು ನೋಡೋಣ. ಇದು ನಮ್ಮ ನೆಲದ್ದಲ್ಲ. ಅಮೆರಿಕದಲ್ಲಿ ಎಡ್ ವುಡ್ ಎಂಬ ಬಡ ನಿರ್ದೇಶಕನಿದ್ದ. 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಎಂಬ ಚಿತ್ರ ಮಾಡಿದ. ಒಂದು ಕಾಲದಲ್ಲಿ ಡ್ರಾಕುಲಾ ಆಗಿ ಮೆರೆದಿದ್ದ ಬೇಲಾ ಲುಗೋಸಿ ಎಂಬ ಮುದಿ ನಟನ ಕೆಲವೇ ತುಣುಕುಗಳು ಅವನ ಬಳಿ ಇದ್ದವು. 1956ರಲ್ಲಿ ಲುಗೋಸಿ ತೀರಿಕೊಂಡ. ಎಡ್ ವುಡ್ ಆ ತುಣುಕುಗಳನ್ನೇ ಚಿತ್ರಕ್ಕೆ ಸೇರಿಸಿದ. ಉಳಿದ ದೃಶ್ಯಗಳಿಗೆ ಬೇರೊಬ್ಬನನ್ನು ಕರೆತಂದು, ನಿಲುವಂಗಿಯಿಂದ ಮುಖ ಮುಚ್ಚಿಸಿ ನಡೆಸಿದ. 1980ರಲ್ಲಿ ಮೆಡ್‌ವೆಡ್ ಸೋದರರು 'ಗೋಲ್ಡನ್ ಟರ್ಕಿ ಅವಾರ್ಡ್ಸ್' ಎಂಬ ಪುಸ್ತಕದಲ್ಲಿ ಇದನ್ನು ಜಗತ್ತಿನ ಅತ್ಯಂತ ಕೆಟ್ಟ ಚಿತ್ರವೆಂದು ಸಾರಿದರು. ಆ ಕ್ಷಣದಿಂದ ಅದು ಜನಪ್ರಿಯವಾಯಿತು. ಊರೂರಲ್ಲಿ ಪ್ರದರ್ಶನ, ಊರೂರಲ್ಲಿ ನಗೆ. ಆದರೆ ಅದನ್ನು ಕಾಣಲು ಎಡ್ ವುಡ್ ಇರಲಿಲ್ಲ. 1978ರ ಡಿಸೆಂಬರ್‌ನಲ್ಲಿ, ಬಾಡಿಗೆ ಮನೆಯಿಂದ ಹೊರದಬ್ಬಿಸಿಕೊಂಡ ಕೆಲವೇ ದಿನಗಳಲ್ಲಿ, 54ರ ವಯಸ್ಸಿನಲ್ಲಿ ಸತ್ತಿದ್ದ. ಬದುಕಿದ್ದಾಗ ಮನೆಯ ಬಾಡಿಗೆಗೂ ಒದಗದ ಚಿತ್ರ, ಅವನು ಸತ್ತ ಮೇಲೆ ಇತರರಿಗೆ ತಮಾಷೆಯ ಸರಕಾಯಿತು.

ನಮ್ಮಲ್ಲೂ ಇದೇ ನಡೆಯಿತು. ಎಂಬತ್ತರ ದಶಕದಲ್ಲಿ ರಾಮ್ಸೆಗಳ ಹೆಸರು ಕೇಳಿದರೆ ಮೂಗು ಮುರಿಯುತ್ತಿದ್ದ ವರ್ಗಕ್ಕೆ ಅವರ ಮೇಲೆ ಏಕಾಏಕಿ ಪ್ರೀತಿ ಉಕ್ಕಿತು. ಯಾವಾಗ? ಬ್ರಿಟನ್ನಿನ 'ಮೋಂಡೋ ಮಕಾಬ್ರೋ' ಎಂಬ ಕಂಪನಿ 'ಪುರಾನಾ ಮಂದಿರ್' ಮತ್ತು 'ಬಂದ್ ದರ್ವಾಜಾ' ಚಿತ್ರಗಳನ್ನು ಡಿವಿಡಿಯಾಗಿ ಹೊರತಂದು, ಹೊರದೇಶದ ಜನ ಕುತೂಹಲ ತೋರಿಸಿದ ಮೇಲೆ. ನಮ್ಮ ಮನೆಯ ಸಾಮಾನಿಗೆ ನೆರೆಮನೆಯವನು ಬೆಲೆ ಕಟ್ಟಿದ ಮೇಲೆ ಅದರ ಧೂಳು ಒರೆಸುವ ಹಳೆಯ ಚಾಳಿ ನಮ್ಮದು.

ಈಗ ಆ ರಾಮ್ಸೆಗಳು ಯಾರೆಂದು ನೋಡಿ. ತಂದೆ ಫತೇಚಂದ್ ರಾಮ್‌ಸಿಂಘಾನಿ. ಕರಾಚಿಯಲ್ಲಿ ರೇಡಿಯೋ ಅಂಗಡಿ. ಉದ್ದ ಹೆಸರು ಬ್ರಿಟಿಷ್ ಗಿರಾಕಿಗಳ ನಾಲಿಗೆಗೆ ಹೊರಳದೆ 'ರಾಮ್ಸೆ' ಆಯಿತಂತೆ. ದೇಶ ಒಡೆಯಿತು. ಕುಟುಂಬ ಎಲ್ಲವನ್ನೂ ಬಿಟ್ಟು ಬೊಂಬಾಯಿಗೆ ಬಂತು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮತ್ತೆ ರೇಡಿಯೋ ಅಂಗಡಿ. ಜೊತೆಗೆ ಸಿನಿಮಾ ತೆಗೆಯುವ ಆಸೆ. 1963ರಲ್ಲಿ ಪೃಥ್ವಿರಾಜ್ ಕಪೂರ್ ಮತ್ತು ಸುರೈಯಾ ನಟಿಸಿದ 'ರುಸ್ತುಂ ಸೊಹ್ರಾಬ್' ಅವರದ್ದೇ. ಸುರೈಯಾ ಅವರ ಕೊನೆಯ ಚಿತ್ರವದು. 1970ರ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' ಸೋತಿತು. ಮನೆ ಮುಳುಗುವ ಹಂತ. ಆ ಸೋತ ಚಿತ್ರವನ್ನು ಮಕ್ಕಳು ಟಾಕೀಸಿನಲ್ಲಿ ಜನರ ನಡುವೆ ಕೂತು ನೋಡಿದರು. ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ತೊಟ್ಟು ಕಳ್ಳತನಕ್ಕೆ ಬರುವ ಒಂದು ದೃಶ್ಯವಿತ್ತು. ಆ ದೃಶ್ಯ ಬಂದಾಗ ಮಾತ್ರ ಜನ ಕುರ್ಚಿಯ ತುದಿಗೆ ಬರುತ್ತಿದ್ದರು. ಮಕ್ಕಳು ಅದನ್ನು ಗಮನಿಸಿದರು. ಇಡೀ ಚಿತ್ರವೇ ಹಾಗಿದ್ದರೆ ಹೇಗೆ ಎಂದು ಯೋಚಿಸಿದರು.

ಅಲ್ಲಿಂದ 1972ರ 'ದೋ ಗಜ್ ಜಮೀನ್ ಕೆ ನೀಚೆ' ಹುಟ್ಟಿತು. ಉರ್ದು ಬಲ್ಲ ಯಾರಿಗೇ ಆಗಲಿ ಈ ಹೆಸರು ಕೇಳಿದೊಡನೆ ಬಹಾದುರ್ ಷಾ ಜಫರ್ ನೆನಪಾಗದಿರಲಾರ. ರಂಗೂನಿನಲ್ಲಿ ಸೆರೆಯಾಗಿ ಸತ್ತ ಬಾದಶಹನ ಗೋರಿಯ ಹಂಬಲದ ಮಾತನ್ನು, ಕರಾಚಿಯಿಂದ ಬೇರು ಕಿತ್ತುಕೊಂಡು ಬಂದ ಕುಟುಂಬ ದೆವ್ವದ ಚಿತ್ರಕ್ಕೆ ಹೆಸರಾಗಿಟ್ಟಿತು. ಇದರಲ್ಲಿ ನಗುವಂಥದ್ದೇನಿದೆ ಹೇಳಿ. ಖರ್ಚು ಮೂರೂವರೆ ಲಕ್ಷದಷ್ಟು ಎಂದು ಆ ಕುಟುಂಬದವರೇ ಹೇಳಿಕೊಂಡಿದ್ದಾರೆ. ಎಲ್ಲರೂ ಒಂದೇ ಬಸ್ಸಿನಲ್ಲಿ ಮಹಾಬಲೇಶ್ವರಕ್ಕೆ ಹೋದರು. ಸರ್ಕಾರಿ ಗೆಸ್ಟ್‌ಹೌಸಿನಲ್ಲಿ ಇಳಿದರು. ಸೆಟ್ಟು ಹಾಕಲು ದುಡ್ಡಿರಲಿಲ್ಲ, ಆದ್ದರಿಂದ ಇದ್ದ ಬಂಗಲೆಗಳೇ ಸೆಟ್ಟಾದವು. ತುಳಸಿ, ಶ್ಯಾಮ್ ನಿರ್ದೇಶನಕ್ಕೆ. ಗಂಗು ಕ್ಯಾಮೆರಾಕ್ಕೆ. ಕಿರಣ್ ಧ್ವನಿಗೆ. ಕುಮಾರ್ ಬರವಣಿಗೆಗೆ. ಕೇಶು, ಅರ್ಜುನ್ ಉಳಿದದ್ದಕ್ಕೆ. ಅಡುಗೆ ಮನೆಯ ಹೆಂಗಸರದು. ಅದಕ್ಕೂ ಮುಂಚೆ ತಂದೆ ಈ ಹುಡುಗರನ್ನು ಕಾಶ್ಮೀರಕ್ಕೆ ಕಳಿಸಿ, ಜೋಸೆಫ್ ಮಾಸ್ಸೆಲಿ ಬರೆದ ಛಾಯಾಗ್ರಹಣದ ಪುಸ್ತಕವೊಂದನ್ನು ಕೈಗಿತ್ತು, ತಿಂಗಳುಗಟ್ಟಲೆ ಕೂತು ಕಲಿಯಲು ಹೇಳಿದ್ದರು. ಇದನ್ನು ನಾವು ಬೇರೆಡೆ ಕಂಡರೆ ಏನೆನ್ನುತ್ತೇವೆ? ಬೀಡಿ ಕಟ್ಟುವ ಮನೆ, ಮಗ್ಗದ ಮನೆ, ಬಳೆ ಮಾಡುವ ಮನೆಗಳಲ್ಲಿ ಇಡೀ ಕುಟುಂಬ ದುಡಿದರೆ ಕುಶಲಕರ್ಮಿಗಳೆಂದು ಗೌರವದಿಂದ ಲೇಖನ ಬರೆಯುತ್ತೇವೆ. ದೆವ್ವ ಮಾಡಿದರೆ ಮಾತ್ರ ಕಿಸಕ್ಕನೆ ನಗುತ್ತೇವೆ.

'ಪುರಾನಾ ಮಂದಿರ್'ನ ಸಾಮ್ರಿಯ ಮುಖದ ಹಿಂದಿರುವವರು ಅನಿರುದ್ಧ್ ಅಗರ್‌ವಾಲ್. ಆರಡಿ ಮೀರಿದ ಆಳು. ರೂರ್ಕಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರು. ಠಾಕೂರನಾಗಿ ಪ್ರದೀಪ್ ಕುಮಾರ್. 1963ರ 'ತಾಜ್ ಮಹಲ್'ನಲ್ಲಿ ಷಾಜಹಾನ್ ಆಗಿದ್ದವರು, ಇಪ್ಪತ್ತು ವರ್ಷಗಳ ಮೇಲೆ ಶಾಪಗ್ರಸ್ತ ಹವೇಲಿಯ ಯಜಮಾನ. ಹಿಂದಿನ ವರ್ಷವಷ್ಟೇ 'ಅರ್ಧ್ ಸತ್ಯ'ದಲ್ಲಿ ನಡುಕ ಹುಟ್ಟಿಸಿದ್ದ ಸದಾಶಿವ ಅಮ್ರಾಪುರ್‌ಕರ್ ಇಲ್ಲೂ ಇದ್ದಾರೆ. 'ಅರ್ಧ್ ಸತ್ಯ'ದ ಬಗ್ಗೆ ವಿಚಾರಗೋಷ್ಠಿ, ಇದರ ಬಗ್ಗೆ ಗೇಲಿ. ಹೊಟ್ಟೆಪಾಡಿಗೆ ದುಡಿಯುವ ನಟನಿಗೆ ಎರಡೂ ಕಡೆ ಬೆವರು ಒಂದೇ.

ಇನ್ನು ನೋಡಿದವರ ಮಾತು. ಇಂಥ ಚಿತ್ರಗಳು ದೊಡ್ಡ ನಗರದ ಒಳ್ಳೆಯ ಟಾಕೀಸುಗಳನ್ನು ನೆಚ್ಚಿರಲಿಲ್ಲ. ಸಣ್ಣ ಊರುಗಳಲ್ಲಿ, ಬೆಳಗಿನ ಆಟ, ರಾತ್ರಿ ಆಟಗಳಲ್ಲಿ, ಮತ್ತೆ ಮತ್ತೆ ಬಿಡುಗಡೆಯಾಗಿ ಓಡಿದವು. ಗ್ಯಾರೇಜಿನ ಹುಡುಗರು, ಹಮಾಲರು, ಟೈಲರುಗಳು, ಬೀಡಿ ಕಾರ್ಮಿಕರು, ಇವರ ದುಡ್ಡಿನಿಂದ ಓಡಿದವು. 'ಅವರು ಪಾಪ, ತಿಳಿಯದೆ ಹೆದರುತ್ತಿದ್ದರು. ನಾವು ತಿಳಿದು ನಗುತ್ತೇವೆ' ಎಂಬುದು ಈ ಹೊಸ ನಗೆಯ ಒಳದನಿ. ಇದು ಶುದ್ಧ ಸುಳ್ಳು. ಮುಖವಾಡ ಮುಖವಾಡವೆಂದು ಹಮಾಲನಿಗೂ ಗೊತ್ತಿತ್ತು. ನಮ್ಮ ಹಳ್ಳಿಗಳ ಮೊಹರಮ್ಮಿನ ಹುಲಿವೇಷ ನೋಡಿ. ಮೈಗೆ ಬಣ್ಣ ಬಳಿಯುವುದು ಎಲ್ಲರ ಕಣ್ಣೆದುರೇ. ವೇಷದವನು ಹಿಟ್ಟಿನ ಗಿರಣಿಯವನೆಂದು ಮಗುವಿಗೂ ಗೊತ್ತು. ಆದರೂ ಹುಲಿ ಎದುರಿಗೆ ಹಾರಿದಾಗ ಮಗು ಅಮ್ಮನ ಸೆರಗಿಗೆ ಅವಿತುಕೊಳ್ಳುತ್ತದೆ. ಬಯಲಾಟದ ರಾಕ್ಷಸನ ಕಿರೀಟ ರಟ್ಟಿನದೆಂದು ತಿಳಿದೂ ಜನ ಬೆಳಗಿನವರೆಗೆ ಕೂರುತ್ತಾರೆ. ತಿಳಿದೂ ಹೆದರುವುದು ದಡ್ಡತನವಲ್ಲ. ಅದು ಆಟದ ನಿಯಮ, ಆಡುವವನಿಗೂ ನೋಡುವವನಿಗೂ ನಡುವಿನ ಒಪ್ಪಂದ.

ಅಷ್ಟೇ ಅಲ್ಲ. ಆ ಪ್ರೇಕ್ಷಕರು ಕಂಡದ್ದನ್ನು ಇಂದು ನಗುವವರು ಕಾಣುತ್ತಿಲ್ಲ. ನನ್ನ ಖಾಲಾ ಒಬ್ಬರು ಈ ಚಿತ್ರವನ್ನು ನೋಡಿದ್ದರು. ಮುಂದೆ ವರ್ಷಗಳ ಮೇಲೆ ಅದರ ಮಾತು ಬಂದಾಗ ಅವರಿಗೆ ಸಾಮ್ರಿಯ ಹೆಸರೂ ನೆನಪಿರಲಿಲ್ಲ. 'ಉಸ್ ಬಾಪ್ ಕಾ ಡರ್ ಝೂಟ್ ನೈ ಥಾ ಬೇಟಾ' ಎಂದರು. ಆ ಅಪ್ಪನ ಭಯ ಸುಳ್ಳಾಗಿರಲಿಲ್ಲ, ಮಗಾ. ಅವರ ಅಕ್ಕ ಚೊಚ್ಚಲ ಹೆರಿಗೆಯಲ್ಲೇ ತೀರಿಹೋಗಿದ್ದರು.

ಈ ಮಾತನ್ನು ಭಾವುಕತೆ ಎಂದು ಪಕ್ಕಕ್ಕಿಡುವವರಿಗೆ ಅಂಕಿಅಂಶವೂ ಇದೆ. 1990ರಲ್ಲಿ ನಮ್ಮ ದೇಶದಲ್ಲಿ ಲಕ್ಷ ಹೆರಿಗೆಗಳಿಗೆ 550ಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದರೆಂದು ವಿಶ್ವಸಂಸ್ಥೆಯ ಅಂದಾಜು. 2018-20ರ ಸರ್ಕಾರಿ ಲೆಕ್ಕದಲ್ಲಿ ಅದು 97ಕ್ಕೆ ಇಳಿದಿದೆ. ಅಂದರೆ ಈ ಚಿತ್ರ ಓಡುತ್ತಿದ್ದ ಕಾಲದಲ್ಲಿ ಟಾಕೀಸಿನ ಹೆಂಗಸರ ಸಾಲಿನಲ್ಲಿ ಕೂತವರಿಗೆ ಹೆರಿಗೆಯ ಸಾವು ರಬ್ಬರಿನ ಮುಖವಾಡವಾಗಿರಲಿಲ್ಲ. ಅಕ್ಕನೋ ಅತ್ತಿಗೆಯೋ ನೆರೆಮನೆಯವಳೋ ಆಗಿತ್ತು. ಮಗಳನ್ನು ಮದುವೆ ಮಾಡಿದರೆ ಅವಳನ್ನು ಕಳೆದುಕೊಳ್ಳಬೇಕಾದೀತು ಎಂಬ ಅಪ್ಪನ ಭಯವನ್ನು ಅಂದಿನ ಗಂಭೀರ ಚಿತ್ರಗಳಲ್ಲಿ ಎಷ್ಟು ಮುಟ್ಟಿದ್ದವು? ಈ ಒರಟು, ಅಗ್ಗದ ಚಿತ್ರ ಮುಟ್ಟಿತು. ಚೆನ್ನಾಗಿ ಮುಟ್ಟಿತೆನ್ನಲಾರೆ, ಆದರೆ ಮುಟ್ಟಿತು. ಅದನ್ನು ಕಂಡವರು ಕಂಡರು. ಆಸ್ಪತ್ರೆಯ ಎಸಿ ಕೋಣೆಯಲ್ಲಿ ಹುಟ್ಟಿದ ನಗೆಗೆ ಅದು ಕಾಣದಿದ್ದರೆ, ಕೊರತೆ ಚಿತ್ರದ್ದು ಮಾತ್ರವಲ್ಲ.

ನಮ್ಮ ಶರೀಫ್ ಜನರಿಗೂ ಎರಡು ಮಾತು ಹೇಳಬೇಕು. ಮನೆಯ ಹಿರಿಯರು ಇಂಥ ಚಿತ್ರಗಳನ್ನು ದೀನಿಗೆ ವಿರುದ್ಧವೆಂದು ಬೈದರು. ಕಾಲೇಜಿನ ಮೇಷ್ಟರು ಸಾಹಿತ್ಯಕ್ಕೆ ವಿರುದ್ಧವೆಂದು ಬೈದರು. ಇಬ್ಬರೂ ಚಿತ್ರವನ್ನು ನೋಡಿರಲಿಲ್ಲ. ಹಾಗೆ ನೋಡದವರ ಕಣ್ಣು ತಪ್ಪಿಸಿ ಅಲ್ಲಿ ಇನ್ನೊಂದು ಸಂಗತಿ ನಡೆದುಹೋಯಿತು. 'ದರ್ವಾಜಾ', 'ತಹಖಾನಾ', 'ವೀರಾನಾ', 'ಪುರಾನೀ ಹವೇಲಿ', ಇವು ರಾಮ್ಸೆಗಳ ಚಿತ್ರಗಳ ಹೆಸರುಗಳು. ಉರ್ದು ಶಾಲೆಗಳಿಗೆ ಮಕ್ಕಳು ಕಡಿಮೆಯಾಗುತ್ತಿದ್ದ ದಿನಗಳಲ್ಲಿ ಗೋಡೆಗೋಡೆಯ ಪೋಸ್ಟರುಗಳಲ್ಲಿ ಉರ್ದು ಪದಗಳು ಉಳಿದವು. ಆದರೆ ಹೇಗೆ? ಪಾಳುಮನೆಯ, ನೆಲಮಾಳಿಗೆಯ, ಮುಚ್ಚಿದ ಬಾಗಿಲಿನ ಹೆಸರಾಗಿ. ಒಂದು ಭಾಷೆ ದೆವ್ವಗಳ ಭಾಷೆಯಾಗಿ ಉಳಿಯುವುದು ಗೌರವವೇ ಅವಮಾನವೇ? ಈ ಪ್ರಶ್ನೆ ಕೇಳಬೇಕಿದ್ದವರು ನಾವು. ನೋಡಿದ್ದರೆ ತಾನೆ ಕೇಳುವುದು!

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಕೆಟ್ಟದಾಗಿ ಮಾಡಿದ ಚಿತ್ರವನ್ನು ಕಂಡು ನಗುವ ಮನಸ್ಸು, ಚೆನ್ನಾಗಿ ಮಾಡಿದ ಚಿತ್ರದೆದುರು ಕೈಕಟ್ಟಿ ನಿಲ್ಲುತ್ತದೆ. ಹೊಲಿಗೆ ಕಾಣದಿದ್ದರೆ ಸಾಕು, ಬಟ್ಟೆ ಯಾವುದೆಂದು ಕೇಳುವುದಿಲ್ಲ.

ಒಂದು ಉದಾಹರಣೆ. 2018ರಲ್ಲಿ ಸಂಜಯ್ ಲೀಲಾ ಭನ್ಸಾಲಿಯವರ 'ಪದ್ಮಾವತ್' ಬಂತು. ಕಣ್ಣು ಕೋರೈಸುವ ಕೆಲಸ. ರಾಷ್ಟ್ರಪ್ರಶಸ್ತಿಗಳೂ ಬಂದವು: ಸಂಗೀತಕ್ಕೆ, ನೃತ್ಯಕ್ಕೆ, ಹಾಡಿಗೆ. ಆ ಚಿತ್ರದ ಅಲಾವುದ್ದೀನ್ ಖಿಲ್ಜಿಯನ್ನು ನೆನಪಿಸಿಕೊಳ್ಳಿ. ಕತ್ತಲೆ ತುಂಬಿದ ಮಹಲು, ಕಾಡಿಗೆ ಮೆತ್ತಿದ ಕಣ್ಣು, ಮೃಗದಂತೆ ಮಾಂಸ ಹರಿಯುವ ಬಾಯಿ. ಒಂದು ಗಳಿಗೆ ನಿಂತು ನೋಡಿದರೆ ಇದು ಸಾಮ್ರಿಯೇ ಅಲ್ಲವೇ? ರಾಜಕುಮಾರಿಯ ಮೇಲೆ ಕಣ್ಣಿಟ್ಟ, ಕತ್ತಲೆಯಲ್ಲಿ ವಾಸಿಸುವ, ಹಸಿವು ತೀರದ ಅದೇ ಪಿಶಾಚಿ. ವ್ಯತ್ಯಾಸ ಎರಡೇ. ಒಂದು, ಇದರ ಹೊಲಿಗೆ ಕಾಣುವುದಿಲ್ಲ. ಎರಡು, ಸಾಮ್ರಿಗೆ ಜಗತ್ತಿನಲ್ಲಿ ಬಂಧುಬಳಗವಿಲ್ಲ. ಈ ಪಿಶಾಚಿಗೆ ಚರಿತ್ರೆಯ ಒಬ್ಬ ಮನುಷ್ಯನ ಹೆಸರಿದೆ, ಇಂದು ಬದುಕಿರುವ ಜನರ ಗುರುತಿದೆ. ಖಿಲ್ಜಿ ಸಂತನೆಂದು ನಾನು ವಾದಿಸುತ್ತಿಲ್ಲ. 1296ರಿಂದ 1316ರವರೆಗೆ ಆಳಿದ ಕಠೋರ ಸುಲ್ತಾನ ಅವನು. ಆದರೆ ಅಮೀರ್ ಖುಸ್ರೋ ಇದ್ದ ಆಸ್ಥಾನವನ್ನು ಗುಹೆಯಂತೆ ತೋರಿಸಬೇಕಾದರೆ ಅದೊಂದು ಆಯ್ಕೆ. ಪದ್ಮಾವತಿಯ ಕತೆಯನ್ನು 1540ರಲ್ಲಿ ಕಾವ್ಯವಾಗಿಸಿದವರು ಸೂಫಿ ಕವಿ ಮಲಿಕ್ ಮುಹಮ್ಮದ್ ಜಾಯಸಿ. ಅದನ್ನು ಮರೆಸುವುದೂ ಆಯ್ಕೆಯೇ. ಕಲೆಗಾರಿಕೆ ಉನ್ನತವಾಗಿದ್ದಷ್ಟೂ ಈ ಆಯ್ಕೆಗಳು ಕಣ್ಣಿಗೆ ಬೀಳುವುದಿಲ್ಲ. ಪ್ರೇಕ್ಷಕ 'ಎಂಥ ಬೆಳಕು, ಎಂಥ ನಟನೆ' ಎನ್ನುತ್ತಾ ಹೊರಬರುತ್ತಾನೆ. ಭಯವನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಬೀದಿಗೆ ಬರುತ್ತಾನೆ.

ಸಾಮ್ರಿಯ ಭಯ ಟಾಕೀಸಿನ ಬಾಗಿಲಲ್ಲೇ ಉಳಿಯುತ್ತಿತ್ತು. 1984 ಎಂಥ ವರ್ಷವೆಂದು ನೆನಪಿಸಿಕೊಳ್ಳಿ. ಆ ವರ್ಷದ ನವೆಂಬರಿನಲ್ಲಿ ದೆಹಲಿಯ ಬೀದಿಗಳಲ್ಲಿ ಸಿಖ್ಖರನ್ನು ಜೀವಂತ ಸುಟ್ಟರು. ಡಿಸೆಂಬರಿನಲ್ಲಿ ಭೋಪಾಲದ ಜನ ನಿದ್ದೆಯಲ್ಲೇ ವಿಷಾನಿಲ ಕುಡಿದು ಸತ್ತರು. ಸುಟ್ಟವರಿಗೆ ಯಾವ ಮುಖವಾಡವೂ ಬೇಕಾಗಿರಲಿಲ್ಲ. ಅವರಿಗೆ ಸಾಮ್ರಿ ಏನನ್ನೂ ಕಲಿಸಿರಲಿಲ್ಲ. ಸಹಮಾನವರನ್ನು ಪಿಶಾಚಿಗಳೆಂದು ನಂಬಿಸುವ ಕೆಲಸ ಯಾವತ್ತೂ ಹೊಲಿಗೆ ಬಿಟ್ಟ ರಬ್ಬರಿನಿಂದ ಆದದ್ದಲ್ಲ. ಅದು ನಯವಾದ ಮಾತು, ನಂಬುವಂಥ ಚಿತ್ರ, ಸರಾಗ ಓದಿಸಿಕೊಳ್ಳುವ ಕತೆಗಳಿಂದ ಆಗುತ್ತದೆ.

'ಹಾಗಾದರೆ ದುಡ್ಡಿಲ್ಲದೆ ಮಾಡಿದ್ದೆಲ್ಲ ಒಳ್ಳೆಯದೋ? ಚೆನ್ನಾಗಿ ಮಾಡಿದ್ದೆಲ್ಲ ಅಪಾಯವೋ?' ಎಂದು ಕೇಳುವವರಿದ್ದಾರೆ. ಎರಡೂ ಅಲ್ಲ. ಬಡತನ ಅರ್ಹತೆಯಲ್ಲ. ಹೆಣ್ಣಿನ ಮೈಯನ್ನು ಬಂಡವಾಳ ಮಾಡಿಕೊಂಡದ್ದಕ್ಕೆ ರಾಮ್ಸೆಗಳೂ ಉತ್ತರ ಕೊಡಬೇಕು. ಚೆನ್ನಾಗಿ ಮಾಡಿದ, ಒಳ್ಳೆಯ ಚಿತ್ರಗಳು ಬೇಕಾದಷ್ಟಿವೆ. ನಾನು ಹೇಳುವುದು ಇಷ್ಟೇ: ಅಳತೆಗೋಲು ಒಂದೇ ಇರಲಿ. ಸಾಮ್ರಿಯ ಕತ್ತಿನ ಹೊಲಿಗೆ ಹುಡುಕುವ ಚುರುಕು ಕಣ್ಣು, ಖಿಲ್ಜಿಯ ಕತ್ತಿನಲ್ಲೂ ಹೊಲಿಗೆ ಹುಡುಕಲಿ. ಕತೆ ಬರೆಯುವ ನನಗೂ ಈ ಮಾತು ಅನ್ವಯಿಸುತ್ತದೆ. ಹೊಲಿಗೆ ಕಾಣದಂತೆ ಬರೆಯುವುದು ನಮ್ಮ ಕಸುಬು. ಅದಕ್ಕೇ ಓದುಗರು ನಮ್ಮನ್ನು ಹೆಚ್ಚು ಅನುಮಾನದಿಂದ ನೋಡಬೇಕು.

ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ 2019ರಲ್ಲಿ ತೀರಿಕೊಂಡರು. ಕ್ಯಾಮೆರಾ ಹಿಡಿದ ಗಂಗು 2024ರಲ್ಲಿ ಹೋದರು. ಅವರು ಮಾಡಿಟ್ಟ ದೆವ್ವಗಳು ಉಳಿದಿವೆ. ಶನಿವಾರ ರಾತ್ರಿ ನೋಡಿ, ನಗು ಬಂದರೆ ನಗಿ. ಆದರೆ ನೆನಪಿಡಿ: ದಿನದ ಕೆಲಸ ಮುಗಿದಾಗ ಅನಿರುದ್ಧ್ ಅಗರ್‌ವಾಲ್ ಆ ಮುಖವಾಡವನ್ನು ಕಳಚಿಟ್ಟು ಮನುಷ್ಯರಾಗಿ ಊಟಕ್ಕೆ ಕೂರಬಹುದಿತ್ತು. ಹೊಲಿಗೆ ಕಾಣದಂತೆ ಯಾರ ಮುಖಕ್ಕೆ ಪಿಶಾಚಿಯ ಚಹರೆ ಅಂಟಿಸಲಾಗಿದೆಯೋ, ಅವರಿಗೆ ಅದನ್ನು ಕಳಚಿಡುವ ಅನುಕೂಲವಿಲ್ಲ. ಅವರು ಅದೇ ಮುಖ ಹೊತ್ತು ಬಾಡಿಗೆ ಮನೆ ಕೇಳಲು ಹೋಗಬೇಕು, ಮಕ್ಕಳನ್ನು ಶಾಲೆಗೆ ಸೇರಿಸಬೇಕು, ರೈಲು ಹತ್ತಬೇಕು.